ಕೆಂಪು ಯಾವುದು, ಹಸಿರು ಯಾವುದು?

ನಾನು ಕನ್ನಡ ಪಾಠ ಮಾಡುವವನು. ಬಣ್ಣದ ಲೆಕ್ಕ ಕಲಿಯಬೇಕಾಗಿ ಬಂದದ್ದು ಸಂಧಿಯಿಂದ!

ಮಕ್ಕಳು ತಾವೇ ಒಂದು ಸ್ಲೈಡ್ ಮಾಡಿದ್ದರು. ಲೋಪಸಂಧಿಯ 'ಊರೂರು' ಕೆಂಪಿನಲ್ಲಿ, ಆಗಮಸಂಧಿಯ 'ಮನೆಯನ್ನು' ಹಸಿರಿನಲ್ಲಿ, ಆದೇಶಸಂಧಿಯ 'ಮಳೆಗಾಲ' ನೀಲಿಯಲ್ಲಿ. ಕೆಂಪು ಪದಗಳನ್ನು ಓದು ಅಂದರೆ ಒಬ್ಬ ಹುಡುಗ ಕೆಂಪು, ಹಸಿರು ಎರಡನ್ನೂ ಓದುತ್ತಾ ಹೋದ. ಉಳಿದವರು ನಕ್ಕರು. "ಎರಡೂ ಒಂದೇ ಬಣ್ಣ ಅಲ್ವಾ ಮಾಷ್ಟ್ರೇ?" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಸಂಜೆ ಆ ಸ್ಲೈಡನ್ನು ಜಿಂಪ್‌ನಲ್ಲಿ ತೆರೆದೆ. ಕೆಂಪಿನ ಸಂಕೇತ ಎಫ್‌ಎಫ್ 00 00, ಹಸಿರಿನದು 00 80 00. ಇದು ಹದಿನಾರರ ಮಗ್ಗಿಯ ಲೆಕ್ಕ. 0ಯಿಂದ 9 ಆದ ಮೇಲೆ ಎ ಅಂದರೆ 10, ಹೀಗೇ ಹೋಗಿ ಎಫ್ ಅಂದರೆ 15. ಎಫ್‌ಎಫ್ ಅಂದರೆ 15×16+15 = 255. 80 ಅಂದರೆ 8×16 = 128. ಮೂರು ಜೋಡಿ ಕ್ರಮವಾಗಿ ಕೆಂಪು, ಹಸಿರು, ನೀಲಿಯ ಪಾಲು. ಅಷ್ಟೇ!

ಹೊಳಪಿನ ಲೆಕ್ಕ ಮಾತ್ರ ಇಷ್ಟು ಸುಲಭವಲ್ಲ. 255ರಲ್ಲಿ 128 ಅಂದರೆ ಅರ್ಧ ಬೆಳಕಲ್ಲ, ಸುಮಾರು ಶೇ. 22 ಮಾತ್ರ. ಒಟ್ಟು ಹೊಳಪಿಗೆ ಹಸಿರಿನ ಪಾಲು ಶೇ. 71.5, ಕೆಂಪಿನದು 21.3, ನೀಲಿಯದು 7.2. ಹೀಗೆ ನೋಡಿದರೆ ನಮ್ಮ ಕೆಂಪಿನ ಹೊಳಪು 0.21, ಹಸಿರಿನದು 0.15. ಎರಡಕ್ಕೂ 0.05 ಸೇರಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಸುಮಾರು 1.3. ಕಪ್ಪು-ಬಿಳುಪಿಗೆ ಇದೇ ಲೆಕ್ಕ 21 ಬರುತ್ತದೆ! ಬಣ್ಣದ ಭೇದ ಕಾಣದವನಿಗೆ ಹೊಳಪಿನ ಭೇದವೂ ಇಲ್ಲದಿದ್ದರೆ ಹಿಡಿದುಕೊಳ್ಳಲು ಏನುಳಿಯಿತು ಹೇಳಿ?

ಡಬ್ಲ್ಯೂಸಿಎಜಿ 2.0 ಎಂಬ ನಿಯಮಾವಳಿ 2008ರಲ್ಲಿ ಬಂತು. ಅದರ ಎಎ ಮಟ್ಟಕ್ಕೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ 4.5 ಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಬಿಳಿಯ ಮೇಲೆ ನಮ್ಮ ಹಸಿರು 5.1, ಪಾಸು. ಕೆಂಪು 4, ಸಣ್ಣ ಅಕ್ಷರದಲ್ಲಿ ಫೇಲು. ಹಳದಿಯಂತೂ 1.1. ಬಣ್ಣವೊಂದನ್ನೇ ನಂಬಿ ಅರ್ಥ ಹೇಳಬಾರದು ಎಂಬ ಮಾತೂ ಅದರಲ್ಲಿದೆ.

ಜಿಂಪ್‌ನಲ್ಲಿ ವರ್ಣಾಂಧರ ಕಣ್ಣಿಗೆ ಹೇಗೆ ಕಂಡೀತು ಎಂದು ತೋರಿಸುವ ಒಂದು ಸೋಸುಕವಿದೆ. ಅದನ್ನು ಹಾಕಿ ತರಗತಿಗೆಲ್ಲ ತೋರಿಸಿದೆ. ಊರೂರು, ಮನೆಯನ್ನು ಎರಡೂ ಒಂದೇ ಜಾತಿಯ ಕಂದು! ನಕ್ಕವರು ಸುಮ್ಮನಾದರು. ಆಮೇಲೆ ಅವರೇ ಸ್ಲೈಡ್ ತಿದ್ದಿದರು. ಲೋಪಕ್ಕೆ ಅಡಿಗೆರೆ, ಆಗಮಕ್ಕೆ ಚೌಕ, ಆದೇಶಕ್ಕೆ ವೃತ್ತ. ಬಣ್ಣವನ್ನು ತೆಗೆಯಲಿಲ್ಲ, ಅದು ಚಂದಕ್ಕೆ ಇರಲಿ.

ಹುಡುಗನ ತಾಯಿಗೆ ವಿಷಯ ತಿಳಿಸಿದೆ. "ನನ್ನ ತಮ್ಮನಿಗೂ ಹೀಗೇ ಮಾಷ್ಟ್ರೇ, ಹಣ್ಣಾದ ಮೆಣಸು ಕೊಯ್ಯಲು ಅವನನ್ನು ಕಳಿಸುವುದಿಲ್ಲ" ಎಂದರು. ಇದು ಹೆಚ್ಚಾಗಿ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಬರುವಂಥದ್ದು, ಯಾರ ತಪ್ಪೂ ಅಲ್ಲ. ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ ಅಂದೆ. ಹುಡುಗನಿಗೆ ರೈಲು ಓಡಿಸುವ ಆಸೆ. ಆ ಕೆಲಸಕ್ಕೆ ಬಣ್ಣದ ಪರೀಕ್ಷೆ ಕಟ್ಟುನಿಟ್ಟು. ಅರ್ಜಿ ಹಾಕುವ ಕಾಲಕ್ಕೆ ತಿಳಿದು ಎದೆ ಒಡೆಯುವುದಕ್ಕಿಂತ ಈಗಲೇ ತಿಳಿಯುವುದು ಮೇಲು.

ನೀವೂ ಮಕ್ಕಳಿಗೆ ಚಾರ್ಟು, ಸ್ಲೈಡು ಮಾಡುವವರಾದರೆ ಒಮ್ಮೆ ಅದನ್ನು ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿ. ಆಗಲೂ ಅರ್ಥವಾದರೆ ಸರಿ.