ಮುಕ್ಕಾಲು ಸುತ್ತು

ವಾರ್ಷಿಕ ಸಂಚಿಕೆಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಮಳೆಗಾಲದ ಮುಗಿಲನ್ನೋ, ಗೆಳೆತನವನ್ನೋ, ತಪ್ಪಿದರೆ ಪರೀಕ್ಷೆಯ ಹಿಂದಿನ ರಾತ್ರಿಯನ್ನೋ ವಸ್ತುವಾಗಿ ಆರಿಸಿಕೊಳ್ಳುವುದು ವಾಡಿಕೆ. ನಾನು ಬರೆಯಹೊರಟಿರುವುದು ಗಾಡಿಯ ಇಂಜಿನ್ನಿಗೆ ಅಂಟಿಕೊಂಡು ಕೂಡುವ ಒಂದು ತಗಡಿನ ಡಬ್ಬಿಯನ್ನು ಕುರಿತು. ಅದಕ್ಕೆ ಆಯಿಲ್ ಫಿಲ್ಟರೆಂದು ಹೆಸರು. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದರಲ್ಲಿ ಎಷ್ಟನ್ನೋ ಈಗಾಗಲೇ ಮರೆತಿದ್ದೇನೆ. ಈ ಡಬ್ಬಿ ಕಲಿಸಿದ್ದನ್ನು ಮಾತ್ರ ಮರೆಯಲಾರೆ.

ನಮ್ಮ ಮನೆ ಬೆಳಗಾವಿಯ ಉದ್ಯಮಬಾಗದ ಮಗ್ಗುಲಲ್ಲಿದೆ. ಖಾನಾಪುರ ರಸ್ತೆ ಹಿಡಿದು ಟಿಳಕವಾಡಿ ದಾಟಿ ಬಂದರೆ ಕಾದ ಕಬ್ಬಿಣದ ವಾಸನೆ ಮೊದಲು ಬರುತ್ತದೆ, ಕಾರ್ಖಾನೆಗಳು ಆಮೇಲೆ ಕಾಣುತ್ತವೆ. ನಮ್ಮ ಅಪ್ಪ ಬೀಡಿ ಕಡೆಯ ಹಳ್ಳಿಯಿಂದ ಬಂದು ಇಲ್ಲಿಯ ಫೌಂಡ್ರಿಯೊಂದರಲ್ಲಿ ಮೋಲ್ಡರ್ ಆದವರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ರಜೆ ಬಂದರೆ ಸೋದರಮಾವನ ಗ್ಯಾರೇಜಿಗೆ ಹೋಗಿ ಕೈಖರ್ಚಿಗೆ ಒಂದಿಷ್ಟು ಗಳಿಸಿಕೊಳ್ಳುವುದು ನನ್ನ ಪದ್ಧತಿ. ಅಲ್ಲಿ ನನ್ನದೇ ವಯಸ್ಸಿನ ಕೆಲಸಗಾರನೊಬ್ಬನಿದ್ದಾನೆ. ಅವನಿಗೆ ಓದು ಬರಹ ಬಾರದು. ಆದರೆ ಇಂಜಿನ್ನಿನ ಸದ್ದು ಕೇಳಿಯೇ ಅದರ ಬೇನೆ ಹೇಳಬಲ್ಲ.

ಇಂಜಿನ್ನಿನೊಳಗೆ ಎಣ್ಣೆ ಸುತ್ತುತ್ತಿರುತ್ತದೆ. ಸುತ್ತುವಾಗ ಅದು ಮಸಿಯನ್ನೂ ಲೋಹದ ಪುಡಿಯನ್ನೂ ಹೊತ್ತು ತರುತ್ತದೆ. ಫಿಲ್ಟರಿನ ತಳದ ಸಣ್ಣ ತೂತುಗಳಿಂದ ಒಳಹೊಕ್ಕು, ಮಡಿಕೆ ಮಡಿಕೆಯಾದ ಕಾಗದದಲ್ಲಿ ಸೋಸಿ, ನಡುವಿನ ದೊಡ್ಡ ತೂತಿನಿಂದ ಮರಳಿ ಇಂಜಿನ್ನಿಗೆ ಹೋಗುತ್ತದೆ. ಅಮೇರಿಕೆಯ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ವುಡ್ ಎಂಬವರು 1923ರಲ್ಲಿ ಮೋಟಾರು ಗಾಡಿಗೆ ಇಂಥ ಫಿಲ್ಟರನ್ನು ರೂಪಿಸಿದರು. ಮುಚ್ಚಳದಂತೆ ತಿರುಗಿಸಿ ಕೂಡಿಸುವ ಇಂದಿನ ಡಬ್ಬಿ ಬಂದದ್ದು 1950ರ ದಶಕದಲ್ಲಿ.

ಕೂಡಿಸುವ ಕ್ರಮವನ್ನು ಮಾಮಾ ಮೊದಲ ದಿನವೇ ಹೇಳಿಕೊಟ್ಟಿದ್ದರು. ಹಳೆಯ ಡಬ್ಬಿ ಬಿಚ್ಚಿದಾಗ ಅದರ ರಬ್ಬರಿನ ಬಳೆಯೂ ಕೂಡ ಬಂದಿದೆಯೇ ನೋಡಬೇಕು; ಅದು ಇಂಜಿನ್ನಿಗೇ ಅಂಟಿ ಉಳಿದಿದ್ದು, ಅದರ ಮೇಲೆ ಹೊಸದು ಕೂತರೆ, ಗಾಡಿ ಚಾಲು ಮಾಡಿದೊಡನೆ ಎಣ್ಣೆ ಹೊರಗೆ ಚಿಮ್ಮುತ್ತದೆ. ಕೂಡುವ ಜಾಗವನ್ನು ಸ್ವಚ್ಛ ಚಿಂದಿಯಿಂದ ಒರೆಸಬೇಕು. ಹೊಸ ರಬ್ಬರಿಗೆ ಬೆರಳಿನಿಂದ ಹೊಸ ಎಣ್ಣೆ ಸವರಬೇಕು; ಒಣ ರಬ್ಬರು ಜಾರದೆ ಮುದುಡಿಕೊಳ್ಳುತ್ತದೆ. ಆಮೇಲೆ ಕೈಯಿಂದ ತಿರುಗಿಸುತ್ತ ಹೋಗಬೇಕು.

“ರಬ್ಬರ ತಾಗಿದ್ದು ಕೈಗೆ ಗೊತ್ತಾಕ್ಕತಿ. ಅಲ್ಲಿಂದ ಮುಂದ ಮುಕ್ಕಾಲು ಸುತ್ತು. ಕೈಲೇ ಸಾಕು, ಪಾನಾ ಹಚ್ಚಬ್ಯಾಡ ತಮ್ಮಾ,” ಎಂದಿದ್ದರು ಮಾಮಾ.

ದೀಪಾವಳಿಯ ರಜೆಯಲ್ಲಿ ಒಂದು ಮಾಲು ಟೆಂಪೊ ಬಂತು. ಫೌಂಡ್ರಿಯಿಂದ ಲೇತಿನ ಅಂಗಡಿಗಳಿಗೆ ಎರಕದ ಮಾಲು ಸಾಗಿಸುವ ಗಾಡಿ. ಸಾಲದ ಕಂತಿನ ಮೇಲೆ ಕೊಂಡದ್ದು. ಅದು ಒಂದು ದಿನ ನಿಂತರೆ ಅದರ ಮಾಲಕನಿಗೆ ಆ ದಿನದ ಗಳಿಕೆಯಿಲ್ಲ. ಮಾಮಾ ಊಟಕ್ಕೆ ಹೋಗಿದ್ದರು. ಆ ಗಾಡಿಗೆ ನಾನೇ ಫಿಲ್ಟರು ಕೂಡಿಸಿದೆ. ಮುಕ್ಕಾಲು ಸುತ್ತು ಆಯಿತು. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಇಷ್ಟು ಭಾರ ಹೊರುವ ಗಾಡಿ, ಖಾನಾಪುರದ ರಸ್ತೆಯಲ್ಲಿ ಕುಲುಕಿ ಕುಲುಕಿ ಡಬ್ಬಿ ಸಡಿಲಾಗಿ ಬಿದ್ದರೆ? ತಪ್ಪು ನನ್ನ ತಲೆಗೆ ಬಂದೀತೆಂದು ಸರಪಳಿ ಪಾನಾ ಹಚ್ಚಿ, ಹಲ್ಲು ಕಚ್ಚಿ, ಇನ್ನೂ ಒಂದು ಸುತ್ತು ಎಳೆದೆ. ಆಗ ಬಂದ ನೆಮ್ಮದಿ ಏನೆಂದು ಹೇಳಲಿ! ಕೆಲಸಗಾರ ಗೆಳೆಯ ಅತ್ತ ಚಾಕಿನ ನಟ್ಟು ಬಿಚ್ಚುತ್ತ ಒಮ್ಮೆ ಕಣ್ಣೆತ್ತಿ ನೋಡಿ ಸುಮ್ಮನಾದ.

ಯುಗಾದಿಯ ಹೊತ್ತಿಗೆ ಅದೇ ಟೆಂಪೊ ಎಣ್ಣೆ ಬದಲಿಸಲು ಮರಳಿ ಬಂತು. ಇಂಜಿನ್ನು ಉಗುರು ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿ ಫಿಲ್ಟರಿಗೆ ಕೈಹಾಕಿದರೆ ಅದು ಮಿಸುಕಲಿಲ್ಲ. ಪಟ್ಟಿಯ ಪಾನಾ ಜಾರಿತು. ಸರಪಳಿ ಪಾನಾ ಹಚ್ಚಿದರೆ ಡಬ್ಬಿಯೇ ನುಗ್ಗಾಯಿತು. ಕೊನೆಗೆ ಸ್ಕ್ರೂಡ್ರೈವರನ್ನು ಡಬ್ಬಿಯ ಎದೆಗೆ ಹೊಡೆದು ಹೊರಳಿಸಹೋದರೆ ತಗಡು ಹರಿದು ಕರಿ ಎಣ್ಣೆ ಮಾಮಾನ ಮುಖದ ಮೇಲೆ ಸುರಿಯಿತು. ತಳದ ಗಟ್ಟಿ ತಟ್ಟೆಯೊಂದೇ ಇಂಜಿನ್ನಿಗೆ ಕಚ್ಚಿಕೊಂಡು ಉಳಿಯಿತು. ಅದರ ಅಂಚಿಗೆ ಉಳಿ ಇಟ್ಟು, ಕೂಡುವ ಜಾಗಕ್ಕೆ ಗೀರು ಬೀಳದಂತೆ ಮೆಲ್ಲಗೆ ತಟ್ಟಿ ತಟ್ಟಿ ಬಿಚ್ಚುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಮಾಲಕ ಬಾಗಿಲಲ್ಲಿ ಕೂತು ಗಡಿಯಾರ ನೋಡುತ್ತಿದ್ದ. ಅವನ ಬಾಡಿಗೆ ಬೇರೆ ಗಾಡಿಯ ಪಾಲಾಗಿತ್ತು.

“ದೀಪಾವಳಿಗೆ ಇದನ್ನ ಯಾರು ಕುಂಡ್ರಿಸಿದ್ರು?” ಎಂದು ಮಾಮಾ ಗುಡುಗಿದರು. ಉತ್ತರಕ್ಕೂ ಕಾಯಲಿಲ್ಲ. ಗೆಳೆಯನತ್ತ ತಿರುಗಿ, “ಎಷ್ಟು ಸಲ ಹೇಳಬೇಕಲೇ ನಿನಗ? ಇವತ್ತಿನ ಪಗಾರ ಇಲ್ಲ ನೋಡು,” ಎಂದರು. ಬಿ.ಎ. ಓದುವವನು ಇಂಥ ತಪ್ಪು ಮಾಡಿಯಾನೆಂಬ ಅನುಮಾನ ಅವರ ಕನಸಿನಲ್ಲೂ ಸುಳಿಯಲಿಲ್ಲ. ಅವನು ತಲೆ ತಗ್ಗಿಸಿ ನಿಂತ. ನಾನು? ನಾನೂ ಸುಮ್ಮನೆ ನಿಂತೆ.

ಹರಿದ ಡಬ್ಬಿಯನ್ನು ಎಸೆಯಲು ನನ್ನ ಕೈಗೇ ಕೊಟ್ಟರು. ಅದರ ಮೈಮೇಲೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ರಬ್ಬರು ತಾಗಿದ ಮೇಲೆ ಮುಕ್ಕಾಲು ಸುತ್ತು, ಕೈಯಿಂದ ಮಾತ್ರ. ಓದಲು ಬಾರದವನು ಹಾಗೆಯೇ ಮಾಡುತ್ತ ಬಂದಿದ್ದ, ಓದಬಲ್ಲವನು ಓದಿರಲಿಲ್ಲ. ಬೈಗುಳ ತಿಂದವನು ಮಾತ್ರ ಅವನು!

ಸಂಜೆ ಪಗಾರ ಹಂಚುವವರೆಗೆ ನನ್ನ ಬಾಯಿ ಬಿಗಿದೇ ಇತ್ತು. ಅವನು ಬರಿಗೈಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವುದನ್ನು ಕಂಡಾಗ ತಡೆಯಲಾಗಲಿಲ್ಲ. “ಮಾಮಾ, ಪಾನಾ ಹಚ್ಚಿ ಬಿಗಿದಾಂವ ನಾನು,” ಎಂದೆ. ಮಾಮಾ ಬಹಳ ಹೊತ್ತು ನನ್ನನ್ನೇ ನೋಡಿದರು. ಅವನ ಪಗಾರ ಕೊಟ್ಟರು. ಟೆಂಪೊದವನಿಂದ ಕೂಲಿ ತೆಗೆದುಕೊಳ್ಳಲಿಲ್ಲ. ನನ್ನ ವಾರದ ದುಡ್ಡನ್ನು ಅದಕ್ಕೆ ವಜಾ ಹಾಕಿಕೊಂಡರು. ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಮನೆಯ ದಾರಿಯಲ್ಲಿ ಗೆಳೆಯನನ್ನು ಕೇಳಿದೆ: “ನೀ ನೋಡಿದ್ದೆಲ್ಲ, ಯಾಕ ಹೇಳಲಿಲ್ಲ?”

“ನೀ ಸಾಲಿ ಕಲ್ತಾಂವ. ನಿನ್ನ ಮುಂದ ನನ್ನ ಮಾತು ನಡೀತಿತ್ತೇನು?” ಎಂದ. ಸಿಟ್ಟಿನಿಂದ ಹೇಳಲಿಲ್ಲ, ಮಳೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದ.

ಮರುದಿನ ಅವನೇ ನನಗೆ ತಿಳಿಸಿಕೊಟ್ಟ. ಡಬ್ಬಿಯನ್ನು ಹಿಡಿದಿಡುವುದು ನಡುವಿನ ಥ್ರೆಡ್ಡು, ಎಣ್ಣೆಯನ್ನು ತಡೆಯುವುದು ರಬ್ಬರು. ರಬ್ಬರಿನ ಶಕ್ತಿ ಅದರ ಪುಟಿತದಲ್ಲಿದೆ; ಮಿತಿಮೀರಿ ಅದುಮಿದರೆ ಪುಟಿತ ಸತ್ತು, ಇಂಜಿನ್ನಿನ ಕಾವಿಗೆ ಕಬ್ಬಿಣಕ್ಕೇ ಅಂಟಿಕೊಳ್ಳುತ್ತದೆ. ಹೊಸದನ್ನು ಕೂಡಿಸಿ ಎಣ್ಣೆ ತುಂಬಿ, ಗಾಡಿ ಚಾಲು ಮಾಡಿ, ಸೋರುತ್ತದೆಯೇ ನೋಡಿ, ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಎಣ್ಣೆಯ ಮಟ್ಟ ಮತ್ತೆ ಅಳೆಯಬೇಕು. ಡಬ್ಬಿಯೂ ಒಂದಿಷ್ಟು ಕುಡಿದಿರುತ್ತದೆ. ನಂಬಿಕೆ ಬರಬೇಕಾದದ್ದು ಹೀಗೆ ನೋಡಿ ಅಳೆದು, ಬಿಗಿದು ಅಲ್ಲ. ನಾನು ಬಿಗಿದದ್ದು ಡಬ್ಬಿ ಸಡಿಲಾಗಿತ್ತೆಂದಲ್ಲ, ನನಗೆ ಅಂಜಿಕೆ ಇತ್ತೆಂದು.

ಅದಾದ ಮೇಲೆ ಒಂದು ಒಪ್ಪಂದವಾಗಿದೆ. ಅವನು ನನಗೆ ಇಂಜಿನ್ನು ಕಲಿಸುತ್ತಾನೆ. ರಾತ್ರಿ ಅರ್ಧ ತಾಸು ನಾನು ಅವನಿಗೆ ಅಕ್ಷರ ಕಲಿಸುತ್ತೇನೆ. ಕಳೆದ ವಾರ ಅವನು ಗ್ಯಾರೇಜಿನ ಎದುರಿನ ಫಲಕವನ್ನು ಕೂಡಿಸಿ ಕೂಡಿಸಿ “ಉ-ದ್ಯ-ಮ-ಬಾ-ಗ” ಎಂದು ಓದಿದ. ಒತ್ತಕ್ಷರದ ಹತ್ತಿರ ತಡವರಿಸಿದಾಗ ನಾನು ಅವಸರಪಡಿಸಹೋದೆ. ಅವನು ನಕ್ಕು, “ತಡಿಯೋ ಮಾರಾಯಾ, ಪಾನಾ ಹಚ್ಚಬ್ಯಾಡ,” ಎಂದ.