ಕಣ್ಣಿರುವ ದೋಣಿಗಳು

ಮಾಲ್ಟಾಗೆ ಹೋದರೆ ಮಾರ್ಸಶ್ಲೋಕ್ ಅನ್ನೋ ಮೀನುಗಾರರ ಊರಿಗೆ ಭಾನುವಾರವೇ ಹೋಗಿ, ಸಂತೆ ಇರುತ್ತೆ ಅಂತಾರೆ. ನನ್ನ ಕೇಳಿದ್ರೆ ವಾರದ ನಡುವೆ ಹೋಗಿ. ಭಾನುವಾರ ದಕ್ಕೆ ತುಂಬ ಮೀನಿಗಿಂತ ಫೋನುಗಳೇ ಜಾಸ್ತಿ.

ನೋಡಬೇಕಾದ್ದು ಲುಟ್ಸು ದೋಣಿಗಳನ್ನ. ಹಳದಿ, ಕೆಂಪು, ಹಸಿರು, ನೀಲಿ ಪಟ್ಟೆ. ಮೂತಿಯ ಆಚೆಗೊಂದು ಈಚೆಗೊಂದು ಕಣ್ಣು, ಹುಬ್ಬು ಸಮೇತ. ಕಡಲಲ್ಲಿ ಕೇಡು ತಟ್ಟದಿರಲಿ ಅಂತ. ಫಿನೀಷಿಯನ್ನರ ಕಾಲದಿಂದ ಬಂದ ರೂಢಿ ಅನ್ನೋ ಮಾತಿದೆ. ಒಳಗಿರೋದು ಮಾತ್ರ ಡೀಸೆಲ್ ಎಂಜಿನ್!

ಇಲ್ಲಿನವರ ಪ್ರೀತಿಯ ಮೀನು ಲಂಪೂಕಿ. ಅದನ್ನ ಹಿಡಿಯೋ ಉಪಾಯ ಮಜವಾಗಿದೆ. ತಾಳೆಗರಿಗಳನ್ನ ತೇಲುವ ತೆಪ್ಪದಂತೆ ಕಟ್ಟಿ ಕಡಲಲ್ಲಿ ಬಿಡ್ತಾರೆ. ಮೀನುಗಳು ನೆರಳಿಗೆ ಅಂತ ಅದರಡಿ ಸೇರುತ್ವೆ, ಸುತ್ತ ಬಲೆ ಬೀಳುತ್ತೆ. ಬಿಸಿಲು ತಾಳಲಾರದೆ ಛತ್ರಿ ಕೆಳಗೆ ಕೂತು ಊಟಕ್ಕೆ ಕಾಯ್ತಿದ್ದ ನಮ್ಮಂಥ ಪ್ರವಾಸಿಗರ ಕಥೆಯೂ ಹೆಚ್ಚುಕಮ್ಮಿ ಅದೇ.

ಫೋಟೋಗಳಲ್ಲಿ ಕಾಣದ್ದು ಎದುರು ದಡದ ಡೆಲಿಮಾರಾ ವಿದ್ಯುತ್ ಸ್ಥಾವರ. ಎಲ್ಲರೂ ಕ್ಯಾಮೆರಾನ ಜಾಣತನದಿಂದ ಈ ಕಡೆ ತಿರುಗಿಸಿರ್ತಾರೆ. ನನಗೇನೋ ಅದು ಇದ್ದದ್ದೇ ಸರಿ ಅನ್ನಿಸ್ತು. ಇದು ದುಡಿಯೋ ಬಂದರು, ಕ್ಯಾಲೆಂಡರ್ ಚಿತ್ರ ಅಲ್ಲ. 1989ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಮತ್ತು ಸೋವಿಯತ್ ನಾಯಕ ಗೋರ್ಬಚೆವ್ ಮಾತುಕತೆಗೆ ಸೇರಿದ್ದೂ ಇದೇ ಕೊಲ್ಲಿಯಲ್ಲಿ. ಯುದ್ಧನೌಕೆಗಳ ಮೇಲೆ ಕೂರೋ ಯೋಜನೆ ಬಿರುಗಾಳಿಗೆ ತಲೆಕೆಳಗಾಗಿ, ಮಾತು ನಡೆದಿದ್ದು ಮ್ಯಾಕ್ಸಿಮ್ ಗೋರ್ಕಿ ಅನ್ನೋ ಪ್ರಯಾಣಿಕರ ಹಡಗಿನಲ್ಲಿ.

ಅಂದಹಾಗೆ, ಲಂಪೂಕಿ ಹಿಡಿಯೋ ಕಾಲ ಆಗಸ್ಟ್‌ನಿಂದ ಡಿಸೆಂಬರ್. ಮೇ ತಿಂಗಳಲ್ಲಿ ಯಾರಾದ್ರೂ 'ಈಗಷ್ಟೇ ಬಂದಿದ್ದು' ಅಂದ್ರೆ, ಪಲಾಯನಂ ಪರಮಂ ಸುಖಂ.