ಎರಡು ತಟ್ಟೆ, ಎರಡು ಲೋಟ

ಪತ್ತೇದಾರಿ ಕಾದಂಬರಿ ಓದಿಕೊಂಡು ಬೆಳೆದವರಿಗೆಲ್ಲ ಒಂದು ಭ್ರಮೆ ಇರುತ್ತದೆ. ಕೊಲೆಗಾರನನ್ನು ನಾವೂ ಕಂಡುಹಿಡಿದೆವು ಎಂಬ ಭ್ರಮೆ. ನಿಜವಾಗಿ ಕಂಡುಹಿಡಿದವನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ನಾವು ಅವನ ಹಿಂದೆ ಹಿಂದೆ ನಡೆದವರು ಅಷ್ಟೆ. ನಮ್ಮ ಮನೆಯಲ್ಲಿ ಅಪ್ಪ ಇಂಥ ಪುಸ್ತಕ ಮುಗಿಸಿ ಕೆಳಗಿಟ್ಟಾಗಲೆಲ್ಲ "ನಂಗೆ ಮೊದಲೇ ಗೊತ್ತಿತ್ತು" ಅನ್ನುತ್ತಿದ್ದರು. ಅಮ್ಮ ಒಳಗಿನಿಂದಲೇ ಕೇಳುತ್ತಿದ್ದರು, "ಯಾವ ಪುಟದಲ್ಲಿ ಗೊತ್ತಾಯ್ತು?" ಅಪ್ಪ ಒಮ್ಮೆಯೂ ಪುಟಸಂಖ್ಯೆ ಹೇಳಿದ್ದನ್ನು ನಾನು ಕೇಳಿಲ್ಲ.

ಓದುಗರಿಗೂ ಒಂದು ನ್ಯಾಯವಾದ ಅವಕಾಶ ಇರಬೇಕು ಎಂಬ ಯೋಚನೆ ಹೊಸತೇನಲ್ಲ. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಲೇಖಕರು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ಬರೆದರು. ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಓದುಗರ ಕಣ್ಣಿಗೂ ಬೀಳಬೇಕು ಎಂಬುದು ಅವುಗಳಲ್ಲಿ ಒಂದು. ಅದೇ ವರ್ಷ ಅಮೆರಿಕದಲ್ಲಿ ಎಲರಿ ಕ್ವೀನ್ ಹೆಸರಿನ ಮೊದಲ ಕಾದಂಬರಿ ಬಂತು. ಅದರಲ್ಲಿ ಕೊನೆಗೆ ಸ್ವಲ್ಪ ಮೊದಲು ಕಥೆ ನಿಂತು, ಬೇಕಾದ ಎಲ್ಲ ಸಂಗತಿಗಳೂ ಈಗ ನಿಮ್ಮ ಕೈಯಲ್ಲಿವೆ, ನೀವೇ ಬಿಡಿಸಿ ನೋಡಿ ಎಂದು ಓದುಗರಿಗೆ ಸವಾಲು ಹಾಕುತ್ತದೆ. ಸವಾಲೇನೋ ನ್ಯಾಯವಾದದ್ದೇ. ಆದರೆ ನಾನಂತೂ ಅಲ್ಲಿ ನಿಂತವಳಲ್ಲ. ಮುಂದಿನ ಪುಟ ತಿರುಗಿಸಬೇಡಿ ಎಂದು ಹೇಳುವ ಶಕ್ತಿ ಪುಸ್ತಕಕ್ಕಿಲ್ಲ. 1936ರಲ್ಲಿ ಡೆನಿಸ್ ವೀಟ್ಲಿ 'ಮರ್ಡರ್ ಆಫ್ ಮಯಾಮಿ' ಎಂಬ ಕಡತವನ್ನೇ ಪ್ರಕಟಿಸಿದರು. ಅದರಲ್ಲಿ ತಂತಿ ಸಂದೇಶಗಳು, ಫೋಟೋಗಳು, ನಿಜವಾದ ಕೂದಲೆಳೆ, ಬೆಂಕಿಕಡ್ಡಿ ಎಲ್ಲ ಇದ್ದವು. ಉತ್ತರದ ಪುಟಗಳನ್ನು ಅಂಟಿಸಿ ಮುಚ್ಚಲಾಗಿತ್ತು. ಒಡೆಯುವ ಮುನ್ನ ಕೈ ಒಂದು ಕ್ಷಣ ತಡೆಯುತ್ತದಲ್ಲ, ಆ ಒಂದು ಕ್ಷಣದಲ್ಲಿ ಪುಸ್ತಕ ಆಟವಾಯಿತು ಅನ್ನಿಸುತ್ತದೆ ನನಗೆ.

ಕಂಪ್ಯೂಟರ್ ಬಂದ ಮೇಲೆ ಈ ತೊಂದರೆ ನೀಗಬೇಕಿತ್ತು. ಪುಟ ತಿರುಗಿಸದಂತೆ ತಡೆಯುವುದು ಯಂತ್ರಕ್ಕೆ ಸುಲಭ. ಆದರೆ ಬಹಳಷ್ಟು ಪತ್ತೇದಾರಿ ಆಟಗಳಲ್ಲಿ ನಡೆಯುವುದೇ ಬೇರೆ. ಕೋಣೆಯೊಳಗೆ ಹೋಗುತ್ತೀರಿ, ಹೊಳೆಯುವ ವಸ್ತುಗಳನ್ನೆಲ್ಲ ಒತ್ತುತ್ತೀರಿ, 'ಸುಳಿವು ಸಿಕ್ಕಿತು' ಎಂಬ ಸದ್ದು ಬರುತ್ತದೆ. ಐದು ಸುಳಿವು ಸೇರಿದ ಕೂಡಲೇ ಪರದೆಯ ಮೇಲಿನ ಪತ್ತೇದಾರ ಹುಬ್ಬು ಗಂಟಿಕ್ಕಿ, "ಓಹೋ, ಹಾಗಾದರೆ ಅವನು ಹಿಂಬಾಗಿಲಿನಿಂದ ಬಂದಿದ್ದಾನೆ" ಅನ್ನುತ್ತಾನೆ. ಮತ್ತೆ ಪುರುಷೋತ್ತಮನೇ ಪತ್ತೆ ಮಾಡಿದ, ನಾವು ಚೀಲ ಹೊತ್ತೆವು.

ಇನ್ನು ಕೆಲವು ಆಟಗಳು ನಮ್ಮನ್ನೇ ಕೇಳುತ್ತವೆ, ಆದರೆ ಆಯ್ಕೆಗಳನ್ನು ಮುಂದಿಟ್ಟು ಕೇಳುತ್ತವೆ. 2011ರ 'ಎಲ್.ಎ. ನುಆರ್' ಆಟದಲ್ಲಿ ಸಾಕ್ಷಿ ಮಾತಾಡಿದ ಮೇಲೆ ನಿಜ, ಅನುಮಾನ, ಸುಳ್ಳು ಎಂಬ ಮೂರರಲ್ಲಿ ಒಂದನ್ನು ಒತ್ತಬೇಕಿತ್ತು. 'ಅನುಮಾನ' ಅಂದರೆ ನನ್ನ ಮನಸ್ಸಿನಲ್ಲಿ ಒಂದು ಮೆಲ್ಲನೆಯ ಪ್ರಶ್ನೆ. ಒತ್ತಿದರೆ ನಮ್ಮ ಅಧಿಕಾರಿ ಎದುರಿಗೆ ಕೂತವರ ಮೇಲೆ ಒಮ್ಮೆಲೇ ಕೂಗಾಡುತ್ತಿದ್ದ! 2017ರಲ್ಲಿ ಆಟ ಮತ್ತೆ ಬಂದಾಗ ಆ ಮೂರು ಪದಗಳನ್ನೇ ಬದಲಿಸಿದರು. ನಾವು ಯೋಚಿಸಿದ್ದಕ್ಕೂ ಗುಂಡಿಯ ಮೇಲೆ ಬರೆದದ್ದಕ್ಕೂ ಇಷ್ಟು ಅಂತರವಿದ್ದಾಗ ನಾವು ಊಹಿಸುವುದು ಅಪರಾಧಿಯನ್ನಲ್ಲ, ಆಟ ಕಟ್ಟಿದವರ ಮನಸ್ಸನ್ನು. ಇದು ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಬಹುಆಯ್ಕೆಯ ಪ್ರಶ್ನೆಪತ್ರಿಕೆಯಲ್ಲಿ ಪಾಠ ಗೊತ್ತಿಲ್ಲದಿದ್ದರೂ 'ಇವರು ಯಾವುದನ್ನು ಸರಿ ಅಂತಾರೆ' ಎಂದು ಲೆಕ್ಕ ಹಾಕುವ ವಿದ್ಯೆ.

ಈ ಬಲೆಯಿಂದ ತಪ್ಪಿಸಿಕೊಂಡ ಒಂದು ಆಟವನ್ನು ನಾನು ಹೋದಲ್ಲಿ ಬಂದಲ್ಲಿ ಹೊಗಳುತ್ತಿರುತ್ತೇನೆ. ಲೂಕಸ್ ಪೋಪ್ ಹೆಚ್ಚುಕಡಿಮೆ ಒಬ್ಬರೇ ಕೂತು ವರ್ಷಗಟ್ಟಲೆ ಕಟ್ಟಿದ 'ರಿಟರ್ನ್ ಆಫ್ ದಿ ಓಬ್ರಾ ಡಿನ್', 2018ರದ್ದು. 1807ರಲ್ಲಿ ಒಂದು ಹಡಗು ಜನರಿಲ್ಲದೆ ಬಂದರಿಗೆ ತೇಲಿ ಬರುತ್ತದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಷ್ಟದ ಲೆಕ್ಕ ಬರೆಯಲು ಹತ್ತಿದವರು. ಹಡಗಿನಲ್ಲಿದ್ದವರು 60 ಜನ. ಪ್ರತಿಯೊಬ್ಬರ ಹೆಸರೇನು, ಏನಾದರು, ಯಾರಿಂದಾಗಿ ಸತ್ತರು ಎಂದು ಬರೆಯಬೇಕು. ಕೈಯಲ್ಲೊಂದು ಮಾಯಾ ಗಡಿಯಾರ. ಹೆಣದ ಬಳಿ ಅದನ್ನು ತೆರೆದರೆ ಸಾವಿನ ಮುಂಚಿನ ಕೆಲವು ಮಾತು ಕೇಳುತ್ತದೆ, ಆಮೇಲೆ ಆ ಗಳಿಗೆ ಕಲ್ಲಿನ ಹಾಗೆ ನಿಂತಿರುತ್ತದೆ. ಅದರೊಳಗೆ ಓಡಾಡಿ ನೋಡಬಹುದು. ಅಲ್ಲಿ ಯಾವ ವಸ್ತುವೂ ಹೊಳೆಯುವುದಿಲ್ಲ. ಯಾರೂ 'ಓಹೋ' ಅನ್ನುವುದಿಲ್ಲ.

ನಾವಿಕರು ಮಲಗುವ ಜೋಲಿಗಳಿಗೆ ಸಣ್ಣ ಸಂಖ್ಯೆಯ ಬಿಲ್ಲೆ ಕಟ್ಟಿರುತ್ತಾರೆ. ಅದು ಆರಂಭದಿಂದಲೂ ಕಣ್ಣೆದುರೇ ಇರುತ್ತದೆ. ನಾನು ಎಷ್ಟೋ ಸಂಜೆ ಆ ಜೋಲಿಗಳ ನಡುವೆ ಓಡಾಡಿದ ಮೇಲೆ ಒಂದು ದಿನ, ತರಕಾರಿ ಹೆಚ್ಚುತ್ತಿರುವಾಗ, ಆ ಸಂಖ್ಯೆಗೂ ನನ್ನ ಕೈಲಿರುವ ಹೆಸರಿನ ಪಟ್ಟಿಗೂ ಸಂಬಂಧ ಇರಬಹುದಲ್ಲ ಎಂದು ಹೊಳೆಯಿತು. ಹೊಳೆದದ್ದು ಪರದೆಯ ಮೇಲಲ್ಲ, ಅಡುಗೆಮನೆಯಲ್ಲಿ. ಪತ್ತೆಯ ಸುಖ ಅಂದರೆ ಅದೇ ಇರಬೇಕು.

ಆದರೆ ನಾನು ಬರೆದದ್ದು ಸರಿಯೋ ಎಂದು ಆಟ ಎಂದಾದರೂ ಹೇಳಲೇಬೇಕಲ್ಲ? ಪ್ರತಿ ಉತ್ತರಕ್ಕೂ ಸರಿ–ತಪ್ಪು ಹೇಳಿದರೆ, ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಹಾಕಿ ನೋಡುತ್ತ ಯೋಚಿಸದೆಯೇ ಗೆಲ್ಲಬಹುದು. ಎಲ್ಲ ಮುಗಿಯುವವರೆಗೆ ಏನೂ ಹೇಳದಿದ್ದರೆ ಕೈಚೆಲ್ಲಿ ಕೂರುತ್ತೇವೆ. ಪೋಪ್ ಇದಕ್ಕೆ ಒಂದು ದಾರಿ ಹುಡುಕಿದರು. ಮೂರು ಜನರ ವಿವರ ಪೂರ್ತಿ ಸರಿಯಾದಾಗ ಮಾತ್ರ ಆಟ ಆ ಮೂರನ್ನು ಒಟ್ಟಿಗೆ ಅಚ್ಚು ಹಾಕಿ ಖಾತ್ರಿ ಮಾಡುತ್ತದೆ. ಎರಡು ಸರಿ, ಒಂದು ತಪ್ಪು ಇದ್ದರೆ ಮೌನ. ಎರಡು ಖಚಿತವಾಗಿ ಗೊತ್ತಿದ್ದರೆ ಮೂರನೆಯದಕ್ಕೆ ಧೈರ್ಯವಾಗಿ ಒಂದು ಊಹೆ ಹಾಕಬಹುದು. ಬರೀ ಊಹೆಯಿಂದ ಮಾತ್ರ ಮುಂದೆ ಹೋಗಲಾಗದು. ಸ್ಯಾಮ್ ಬಾರ್ಲೋ ಅವರ 2015ರ 'ಹರ್ ಸ್ಟೋರಿ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1994ರ ಪೊಲೀಸ್ ವಿಚಾರಣೆಯ ವಿಡಿಯೋ ತುಣುಕುಗಳು ಒಂದು ಕಂಪ್ಯೂಟರಿನಲ್ಲಿವೆ. ನೀವು ಒಂದು ಪದ ಹಾಕಿದರೆ ಆ ಪದ ಆಡಿದ ಮೊದಲ ಐದು ತುಣುಕುಗಳನ್ನಷ್ಟೇ ತೋರಿಸುತ್ತದೆ. ಮುಂದೆ ಯಾವ ಪದ ಹುಡುಕಬೇಕು ಎಂಬುದೇ ಪತ್ತೇದಾರಿಕೆ. ಕೊಲೆ ಮಾಡಿದ್ದು ಯಾರು ಎಂದು ಆಟ ಕೊನೆಗೂ ನಿಮ್ಮನ್ನು ಕೇಳುವುದಿಲ್ಲ.

ನಾನು ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಶನಿವಾರ ಮಧ್ಯಾಹ್ನ ನಮ್ಮದೊಂದು ಓದುಗರ ಬಳಗ ಸೇರುತ್ತದೆ. ಅಲ್ಲಿನ ಹುಡುಗರಿಗಾಗಿ ಈ ಆಟಗಳಿಂದ ಕಲಿತದ್ದನ್ನೆಲ್ಲ ಸೇರಿಸಿ ಒಂದು ಕಾಗದದ ಆಟ ಕಟ್ಟಿದೆ. ಕಂಪ್ಯೂಟರ್ ಬೇಡ, ಹತ್ತು ಹಾಳೆ ಸಾಕು.

ಮಲೆನಾಡಿನ ಒಂದು ಮನೆ. ನಿವೃತ್ತ ಮೇಷ್ಟ್ರು, ಅವರ ಹೆಂಡತಿ, ಕಿರಿಯ ಮಗ, ಸೊಸೆ. ಹಿರಿಯ ಮಗ ಬೆಂಗಳೂರಿನಲ್ಲಿ. ಮಂಗಳವಾರ ಮೂವರು ತೀರ್ಥಹಳ್ಳಿಗೆ ಮದುವೆಗೆ ಹೋಗಿ ಅಲ್ಲೇ ಉಳಿದಿದ್ದಾರೆ, ಮೇಷ್ಟ್ರ ಹೆಂಡತಿ ಮಾತ್ರ ಮನೆಯಲ್ಲಿ. ಬುಧವಾರ ಸಂಜೆ ನೋಡಿದರೆ ಬೀರುವಿನಲ್ಲಿದ್ದ ತೋಟದ ಕ್ರಯಪತ್ರ ಇಲ್ಲ. ಬೀರುವಿನ ಬೀಗ ಒಡೆದಿಲ್ಲ. ಕೀಲಿ ಯಾವಾಗಲೂ ಮೇಷ್ಟ್ರ ಹೆಂಡತಿಯ ಸೆರಗಿನ ಗಂಟಿನಲ್ಲಿ. ಹತ್ತು ಹಾಳೆಗಳೆಂದರೆ ನಾಲ್ವರ ಹೇಳಿಕೆ, ಮದುವೆಯ ಕರೆಯೋಲೆ, ಹಾಲಿನ ಲೆಕ್ಕದ ಪುಸ್ತಕದ ಒಂದು ಪುಟ, ಹಳೆಯ ಪೇಪರಿನ ನಡುವೆ ಸಿಕ್ಕ ಬಸ್ ಟಿಕೆಟ್, ಹಿರಿಯ ಮಗ ಅಮ್ಮನಿಗೆ ಬರೆದ ಪತ್ರ, ಕೋಣೆಯ ನಕ್ಷೆ, ಅಂಗಡಿ ಸಾಮಾನಿನ ಚೀಟಿ.

"ಕದ್ದವರು ಯಾರು" ಎಂದು ನಾನು ಎಲ್ಲೂ ಕೇಳಲಿಲ್ಲ. ಹಾಗೆ ಕೇಳಿದರೆ ಕಳವು ಆಗಿದೆ ಎಂದು ಪ್ರಶ್ನೆಯೇ ಹೇಳಿಬಿಟ್ಟಂತೆ. ಮೇಲಿನ ಹಾಳೆಯಲ್ಲಿದ್ದದ್ದು ಇಷ್ಟೇ: ಮಂಗಳವಾರ ರಾತ್ರಿ ಆ ಮನೆಯಲ್ಲಿ ಏನಾಯಿತು? ಮೂರು ವಾಕ್ಯದಲ್ಲಿ ಬರೆಯಿರಿ. ಪ್ರತಿ ವಾಕ್ಯದ ಮುಂದೆ ಅದಕ್ಕೆ ಆಧಾರವಾದ ಹಾಳೆಯ ಸಂಖ್ಯೆ ಇರಲಿ. ಮೂರೂ ಸರಿಯಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಬಾಯಿ ಬಿಡುವುದಿಲ್ಲ. ಅಮ್ಮ ಕೇಳುತ್ತಿದ್ದ ಪುಟಸಂಖ್ಯೆಗೂ ಪೋಪ್ ಅವರ ಮೂರರ ಲೆಕ್ಕಕ್ಕೂ ಹೀಗೆ ಗಂಟು ಹಾಕಿದೆ.

ಸುಳಿವು ಇಡುವುದರಲ್ಲಿ ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಬರೆದ ಒಂದು ನಿಯಮವನ್ನು ಪಾಲಿಸಿದೆ. ಆಡುವವರು ಯಾವ ತೀರ್ಮಾನಕ್ಕೆ ಬರಬೇಕೋ ಅದಕ್ಕೆ ಕನಿಷ್ಠ ಮೂರು ಸುಳಿವು ಇರಬೇಕು. ಒಂದು ಕಣ್ಣು ತಪ್ಪುತ್ತದೆ, ಒಂದನ್ನು ಕಂಡರೂ ಕಡೆಗಣಿಸುತ್ತಾರೆ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಆ ರಾತ್ರಿ ಮನೆಗೆ ಯಾರೋ ಬಂದಿದ್ದರು ಎಂಬುದಕ್ಕೆ ನಾನಿಟ್ಟ ಮೂರು ಇವು. ಹಿಂದಿನ ತಿಂಗಳು ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗಿ ಮೇಷ್ಟ್ರ ಹೆಂಡತಿ ಒಬ್ಬರೇ ಇದ್ದ ದಿನ ಹಾಲು ಕಾಲು ಲೀಟರ್, ಈ ಮಂಗಳವಾರ ಅರ್ಧ ಲೀಟರ್. ಬಸ್ ಟಿಕೆಟಿನ ತಾರೀಖು ಅದೇ ಮಂಗಳವಾರ. ಮೂರನೆಯದು ಮನೆಗೆಲಸದಾಕೆಯ ಹೇಳಿಕೆ: ಬುಧವಾರ ಬೆಳಿಗ್ಗೆ ಎರಡು ತಟ್ಟೆ, ಎರಡು ಲೋಟ ತೊಳೆದೆ.

ನಡೆದದ್ದು ಹೀಗೆ. ಗುಂಪು ಗುಂಪಾಗಿ ಕೂತ ಹುಡುಗರು ಹಾಳೆಗಳನ್ನು ಪೂರ್ತಿ ಓದುವ ಮುಂಚೆಯೇ ಹೆಚ್ಚಿನವರ ಬೆರಳು ಮನೆಗೆಲಸದಾಕೆಯ ಕಡೆ ತಿರುಗಿತ್ತು. ಅವಳ ಬಳಿ ಹಿತ್ತಿಲ ಬಾಗಿಲಿನ ಕೀಲಿ ಇದೆಯಲ್ಲ! ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮನೆಯಲ್ಲಿ ಏನಾದರೂ ಕಾಣದೇ ಹೋದರೆ ಮೊದಲು ಯಾರ ಹೆಸರು ಬರುತ್ತದೆ ಎಂದು ಅವರು ಕೇಳಿಕೊಂಡು ಬೆಳೆದಿದ್ದಾರೆ. ಸಿನಿಮಾ, ಕಾದಂಬರಿಗಳೂ ಅದನ್ನೇ ಹೇಳಿಕೊಟ್ಟಿವೆ. ಆದರೆ ಅವಳು ಕಳ್ಳಿ ಎಂದು ತೀರ್ಮಾನಿಸಿದ ಕೂಡಲೇ ಇನ್ನೊಂದು ಸಂಗತಿ ತಾನಾಗಿಯೇ ನಡೆಯಿತು. ಅವಳ ಹೇಳಿಕೆಯ ಹಾಳೆ ರಾಶಿಯ ಅಡಿಗೆ ಹೋಯಿತು. ಕಳ್ಳಿಯ ಮಾತು ಸುಳ್ಳೇ ಇರಬೇಕು, ತಟ್ಟೆ ಲೋಟದ ಲೆಕ್ಕ ಅವಳು ಕಟ್ಟಿದ ಕಥೆ. ಮೂರು ಸುಳಿವಿನಲ್ಲಿ ಎಲ್ಲಕ್ಕಿಂತ ನೇರವಾದದ್ದು ಹೀಗೆ ಅವರ ಕೈಬಿಟ್ಟಿತು.

ನಾನು "ತಪ್ಪು" ಅನ್ನಲಿಲ್ಲ. ಅಂದಿದ್ದರೆ ಅವರು ಆಕೆಯ ಹೆಸರನ್ನು ಹೊಡೆದುಹಾಕಿ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಿದ್ದರು, ಅಷ್ಟೆ. "ಹಾಳೆಯ ಸಂಖ್ಯೆ ಎಲ್ಲಿ?" ಎಂದಷ್ಟೇ ಕೇಳಿದೆ. ಹುಡುಕಿದರು. ಹತ್ತು ಹಾಳೆಗಳಲ್ಲಿ ಒಂದೂ ಆಕೆಯ ವಿರುದ್ಧ ಇರಲಿಲ್ಲ. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಕಿಟಕಿಯ ಬಳಿ ಕೂತಿದ್ದ ಒಬ್ಬ ಹುಡುಗಿ, ತರಗತಿಯಲ್ಲಿ ಅಪರೂಪಕ್ಕೆ ಬಾಯಿ ಬಿಡುವವಳು, ರಾಶಿಯ ಅಡಿಯಿಂದ ಆ ಹಾಳೆಯನ್ನು ಎಳೆದು, "ಮೇಡಂ, ಇವರು ಹೇಳಿದ್ದು ನಿಜ ಅಂತ ಇಟ್ಕೊಂಡು ಒಂದ್ಸಲ ನೋಡ್ಲಾ?" ಅಂದಳು. ಗುಂಪಿನ ಹುಡುಗನೊಬ್ಬ, ಅವಳಿಗೇನು ಗೊತ್ತಿರುತ್ತೆ, ರಾತ್ರಿ ಅವಳು ಅಲ್ಲಿರಲೇ ಇಲ್ಲವಲ್ಲ ಎಂದ. ಹುಡುಗಿ ಹಾಳೆಯಿಂದ ಕಣ್ಣೆತ್ತದೆ ಹೇಳಿದಳು, "ಪಾತ್ರೆ ತೊಳೆಯೋರಿಗೆ ಮನೆಗೆ ಯಾರಾದ್ರೂ ಬಂದಿದ್ರಾ ಅಂತ ಯಾರೂ ಹೇಳಬೇಕಾಗಿಲ್ಲ."

ಅಲ್ಲಿಂದ ಮುಂದೆ ಆಟ ಬೇಗ ಬೇಗ ಬಿಚ್ಚಿಕೊಂಡಿತು. ಹಾಲಿನ ಪುಸ್ತಕಕ್ಕೆ ಅರ್ಥ ಬಂತು. ಟಿಕೆಟಿನ ಹಿಂದೆ ಗೀಚಿದ ಅಂಕಿಗಳಲ್ಲಿ ಏಳರ ನಡುವೆ ಅಡ್ಡಗೆರೆ ಎಳೆದಿರುವುದನ್ನು ಯಾರೋ ಕಂಡರು. ಅಂಥದೇ ಏಳನ್ನು ಇನ್ನೊಂದು ಹಾಳೆಯಲ್ಲಿ ಹುಡುಕತೊಡಗಿದರು. ಮೂರು ವಾಕ್ಯ ಬರೆದು ತಂದಾಗ ಪ್ರತಿಯೊಂದರ ಮುಂದೆಯೂ ಸಂಖ್ಯೆ ಇತ್ತು. ನಾನು "ಮೂರೂ ಸರಿ" ಅನ್ನುವ ಮೊದಲೇ ಅವರಿಗೆ ಅದು ಗೊತ್ತಿತ್ತು.

ಆಟ ಕಟ್ಟುವವರು ಆಡುವವರನ್ನು ನಂಬಬೇಕು ಎಂದು ಹೇಳುವುದುಂಟು. ನನಗನ್ನಿಸುವುದು, ನಂಬುವುದೆಂದರೆ ಅವರು ತಪ್ಪು ದಾರಿಯಲ್ಲಿ ಸಾಕಷ್ಟು ದೂರ ಹೋಗಲು ಬಿಡುವುದು, ನಡುವೆ ಕೈಹಿಡಿದು ಎಳೆಯದಿರುವುದು. 'ಮನೆಗೆಲಸದವರ ಮೇಲೆ ಸುಮ್ಮನೆ ಅನುಮಾನ ಪಡಬೇಡಿ' ಎಂದು ನಾನು ಒಂದು ಗಂಟೆ ಪಾಠ ಮಾಡಬಹುದಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತಿದ್ದರು. ತಮ್ಮ ಅನುಮಾನವೇ ತಮ್ಮ ಕಣ್ಣಿಗೆ ಅಡ್ಡ ಬಂದಿತ್ತು ಎಂಬುದನ್ನು ಅವರು ತಾವೇ ಕಂಡುಹಿಡಿದರೆ ಅದರ ತೂಕ ಬೇರೆ.

ಎಲ್ಲರೂ ಬಿಡಿಸಲಿಲ್ಲ. ಸಂಜೆ ಐದರ ಬಸ್ಸಿಗೆ ಹೊರಡಬೇಕಾದ ಇಬ್ಬರು ಹುಡುಗರ ಗುಂಪು ಎರಡನೇ ವಾಕ್ಯದಲ್ಲೇ ನಿಂತಿತ್ತು. ಉತ್ತರ ಹೇಳಲೇ ಎಂದು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ ಬೇಡ ಅಂದರು. ಹಾಳೆಗಳ ನೆರಳಚ್ಚು ಪ್ರತಿ ಮಾಡಿಸಿಕೊಂಡು ಹೋದರು. ಈಗಲೂ ಕಾರಿಡಾರಿನಲ್ಲಿ ಸಿಕ್ಕಾಗ ಒಬ್ಬ, "ಮೇಡಂ, ಆ ಕೀಲಿ ಸೆರಗಿನಿಂದ ಬಿಚ್ಚಿದ್ದು ಯಾರು ಅನ್ನೋದೇ ಪ್ರಶ್ನೆ ಅಲ್ವಾ?" ಎಂದು ಕೇಳುತ್ತಾನೆ. ನಾನು ಹಾಳೆಯ ಸಂಖ್ಯೆ ಕೇಳುತ್ತೇನೆ. ಆ ಇಬ್ಬರೂ ಇದನ್ನು ಓದುವವರೇ ಆದ್ದರಿಂದ ಆ ರಾತ್ರಿ ಏನಾಯಿತು ಎಂದು ಇಲ್ಲಿ ಬರೆಯುವ ಹಾಗಿಲ್ಲ.